ರಾತ್ರಿ ತುಂಬಿ ಬೆಳಗ್ಗೆ ಬರಿದಾಗುತ್ತಿದ್ದ ಡಿಸ್ಕ್: ಸ್ವಯಂಚಾಲಿತ ಸ್ವಾಪ್ ನಿರ್ವಹಣೆಯ ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣ ಒಂದು ಮಧ್ಯಮ ಗಾತ್ರದ ಸಂಸ್ಥೆಯ ಒಳಬಳಕೆಯ ಸರ್ವರ್‌ಗೆ ಸಂಬಂಧಿಸಿದ್ದು. ಸಂಸ್ಥೆಯ ಹೆಸರು, ಅದರ ವ್ಯವಹಾರ, ಅಲ್ಲಿ ಕೆಲಸ ಮಾಡಿದವರ ಗುರುತು ಇವನ್ನೆಲ್ಲ ಬಿಟ್ಟಿದ್ದೇನೆ. ಗಾತ್ರಗಳನ್ನು ಲೆಕ್ಕ ಹಾಕಲು ಅನುಕೂಲವಾಗುವಂತೆ ಹತ್ತಿರದ ಪೂರ್ಣಾಂಕಕ್ಕೆ ತಂದಿದ್ದೇನೆ. ತಾಂತ್ರಿಕ ವಿವರಗಳನ್ನು ಮಾತ್ರ ಇದ್ದ ಹಾಗೆಯೇ ಉಳಿಸಿಕೊಂಡಿದ್ದೇನೆ, ಏಕೆಂದರೆ ಪ್ರಕರಣದ ತಿರುವುಗಳೆಲ್ಲ ಅಡಗಿರುವುದು ಆ ವಿವರಗಳಲ್ಲೇ.

ಸರ್ವರ್ ಒಂದು ವರ್ಚುವಲ್ ಯಂತ್ರ. 8 ಜಿಬಿ ಮೆಮೊರಿ, 60 ಜಿಬಿ ಡಿಸ್ಕ್, ಇಡೀ ಡಿಸ್ಕ್‌ಗೆ ಇಎಕ್ಸ್‌ಟಿ4 ಮಾದರಿಯ ಫೈಲ್ ಸಿಸ್ಟಂ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಇರುವ ಒಂದೇ ಪಾರ್ಟಿಷನ್. ಅದರ ಮೇಲೆ ಲಿನಕ್ಸ್, ಪೋಸ್ಟ್‌ಗ್ರೆಸ್ ಡೇಟಾಬೇಸ್, ಡೇಟಾಬೇಸಿನ ಮುಂದೆ ಒಂದು ವೆಬ್ ಅಪ್ಲಿಕೇಷನ್, ಮತ್ತು ರಾತ್ರಿ ಹೊತ್ತು ಓಡಿ ವರದಿಗಳನ್ನು ತಯಾರಿಸುವ ಒಂದು ಪ್ರೋಗ್ರಾಂ. ಯಂತ್ರವನ್ನು ಮೊದಲು ಸಿದ್ಧಪಡಿಸಿದಾಗಲೇ 2 ಜಿಬಿಯ ಒಂದು ಸ್ವಾಪ್ ಫೈಲನ್ನು, ಅಂದರೆ ಮೆಮೊರಿ ಸಾಲದಾದಾಗ ಅದರಲ್ಲಿರುವುದನ್ನು ತಂದಿಡಲು ಡಿಸ್ಕಿನಲ್ಲಿ ಕಾದಿಟ್ಟ ಜಾಗವನ್ನು, ಇಡಲಾಗಿತ್ತು. ಹಗಲಿನಲ್ಲಿ ಒಟ್ಟು ಬಳಕೆ ಸುಮಾರು 4 ಜಿಬಿ ಮಾತ್ರ, ಹಾಗಾಗಿ ಆ ಸ್ವಾಪ್ ಫೈಲು ಹೆಚ್ಚುಕಡಿಮೆ ಖಾಲಿಯಾಗಿಯೇ ಇರುತ್ತಿತ್ತು.

ತೊಂದರೆಯ ಬೀಜ ಇದ್ದದ್ದು ರಾತ್ರಿಯ ವರದಿಯಲ್ಲಿ. ದಾಖಲೆಗಳು ಬೆಳೆದಂತೆ ಆ ಪ್ರೋಗ್ರಾಂ ಕೇಳುವ ಮೆಮೊರಿಯೂ ಬೆಳೆಯಿತು. ಒಂದು ಹಂತದಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಓಓಎಂ ಕಿಲ್ಲರ್, ಅಂದರೆ ಮೆಮೊರಿ ಮುಗಿದಾಗ ಓಡುತ್ತಿರುವ ಪ್ರೋಗ್ರಾಂಗಳನ್ನು ನಿಲ್ಲಿಸಿ ಜಾಗ ಮಾಡುವ ಭಾಗ, ಎಚ್ಚೆತ್ತು ಪ್ರಕ್ರಿಯೆಗಳನ್ನು ಕೊಲ್ಲತೊಡಗಿತು. ಅದು ವರದಿಯ ಪ್ರೋಗ್ರಾಮನ್ನು ಕೊಂದಾಗ ಆ ರಾತ್ರಿಯ ವರದಿಯಷ್ಟೇ ತಪ್ಪುತ್ತಿತ್ತು. ಪೋಸ್ಟ್‌ಗ್ರೆಸ್‌ನ ಒಂದು ಪ್ರಕ್ರಿಯೆಯನ್ನು ಕೊಂದರೆ, ಹಂಚಿಕೊಂಡ ಮೆಮೊರಿ ಕೆಟ್ಟಿರಬಹುದೆಂಬ ಕಾರಣಕ್ಕೆ ಡೇಟಾಬೇಸ್ ತನ್ನ ಎಲ್ಲ ಸಂಪರ್ಕಗಳನ್ನೂ ಕಡಿದುಕೊಂಡು ಚೇತರಿಕೆಯ ಹಂತಕ್ಕೆ ಹೋಗುತ್ತಿತ್ತು. ಇದನ್ನು ತಪ್ಪಿಸಲು ಆಗಿನ ನಿರ್ವಾಹಕರು ಸ್ವಾಪ್‌ಸ್ಪೇಸ್ ಎಂಬ ಪ್ರೋಗ್ರಾಮನ್ನು ಅಳವಡಿಸಿದರು. ಅದು ಹಿನ್ನೆಲೆಯಲ್ಲಿ ಕೂತು ಮೆಮೊರಿ ಮತ್ತು ಸ್ವಾಪ್ ಎರಡನ್ನೂ ಸೇರಿಸಿ ಎಷ್ಟು ಬಿಡುವಿದೆ ಎಂದು ನೋಡುತ್ತಿರುತ್ತದೆ. ಬಿಡುವು ಒಟ್ಟಿನ ಶೇ. 20ಕ್ಕಿಂತ ಕೆಳಗಿಳಿದರೆ ಹೊಸ ಸ್ವಾಪ್ ಫೈಲು ಸೃಷ್ಟಿಸಿ ಬಿಡುವನ್ನು ಶೇ. 30ಕ್ಕೆ ತರುತ್ತದೆ. ಶೇ. 60ಕ್ಕಿಂತ ಮೇಲೇರಿದರೆ ತಾನು ಮಾಡಿದ ಫೈಲುಗಳನ್ನು ತೆಗೆದುಹಾಕುತ್ತದೆ. ಹಿಂದೆಮುಂದೆ ತೂಗಾಡದಿರಲಿ ಎಂದು ನಡುವೆ 600 ಸೆಕೆಂಡುಗಳ ವಿರಾಮ ತೆಗೆದುಕೊಳ್ಳುತ್ತದೆ. ಇವೆಲ್ಲ ಅದರ ಮೂಲ ಸೆಟ್ಟಿಂಗ್‌ಗಳು. ಅಳವಡಿಸಿದವರು ಯಾವುದನ್ನೂ ಬದಲಿಸಿರಲಿಲ್ಲ.

ಅಳವಡಿಕೆಯ ನಂತರ ಓಓಎಂ ಕಾಟ ನಿಂತಿತು. ಅಳವಡಿಸಿದವರು ಬೇರೆ ತಂಡಕ್ಕೆ ಹೋದರು. ಈ ಯಂತ್ರದಲ್ಲಿ ಹೀಗೊಂದು ವ್ಯವಸ್ಥೆ ಇದೆ ಎಂಬುದು ನಿರ್ವಹಣೆಯ ದಾಖಲೆಯಲ್ಲಿ ಎಲ್ಲೂ ಸೇರಲಿಲ್ಲ.

ಸಮಸ್ಯೆ

ಬಹಳ ಕಾಲ ಏನೂ ಆಗಲಿಲ್ಲ. ಆಮೇಲೆ ಒಂದು ತಿಂಗಳ ಕೊನೆಯ ರಾತ್ರಿ ಡೇಟಾಬೇಸ್ ನಿಂತುಹೋಯಿತು. ಪೋಸ್ಟ್‌ಗ್ರೆಸ್‌ನ ಲಾಗ್ ಸ್ಪಷ್ಟವಾಗಿತ್ತು: ಮುಂಬರಹದ ಲಾಗ್ ಫೈಲು ಬರೆಯಲು ಡಿಸ್ಕ್‌ನಲ್ಲಿ ಜಾಗವಿಲ್ಲ, ಆದ್ದರಿಂದ ಪ್ಯಾನಿಕ್ (ತುರ್ತು ನಿಲುಗಡೆ). ಬದಲಾವಣೆಗಳನ್ನು ಮೊದಲು ಬರೆದಿಡುವ ಆ ಲಾಗ್‌ಗೆ ಜಾಗವಿಲ್ಲದಿದ್ದರೆ ಪೋಸ್ಟ್‌ಗ್ರೆಸ್ ಮುಂದುವರಿಯುವುದಿಲ್ಲ. ದತ್ತಾಂಶದ ಭದ್ರತೆಗೆ ಅದೇ ಸರಿ. ಅದು ತಾನಾಗಿ ಮೇಲೇಳಲು ನೋಡಿತು, ಚೇತರಿಕೆಗೂ ಜಾಗ ಸಿಗಲಿಲ್ಲ, ಪೂರ್ತಿ ಮಲಗಿತು.

ಬೆಳಗ್ಗೆ ಬಂದವರು ಡಿಸ್ಕಿನ ಖಾಲಿ ಜಾಗ ತೋರಿಸುವ ಡಿಎಫ್ ಕಮಾಂಡ್ ಓಡಿಸಿ ನೋಡಿದರೆ 9 ಜಿಬಿ ಖಾಲಿ ಇತ್ತು. ಡೇಟಾಬೇಸನ್ನು ಮತ್ತೆ ಚಾಲೂ ಮಾಡಿದರು, ಅದು ಒಂದೂ ಮಾತಾಡದೆ ಎದ್ದು ಕೂತಿತು. ಮುಂದಿನ ತಿಂಗಳ ಕೊನೆಯಲ್ಲಿ ಮತ್ತದೇ ಕಥೆ. ಡಿಸ್ಕ್ ತುಂಬಿದ್ದು ನಿಜವೆಂದು ಒಂದು ಲಾಗ್ ಹೇಳುತ್ತದೆ, ತುಂಬಿದ್ದರ ಗುರುತು ಬೆಳಗ್ಗೆ ಎಲ್ಲೂ ಇಲ್ಲ. ನಿಗಾ ವ್ಯವಸ್ಥೆಯ ನಕ್ಷೆಯಲ್ಲೂ ಏನೂ ಕಾಣಲಿಲ್ಲ, ಏಕೆಂದರೆ ಅದು ಹಳೆಯ ದತ್ತಾಂಶವನ್ನು ದಿನದ ಸರಾಸರಿಯಾಗಿ ಕುಗ್ಗಿಸಿ ಇಟ್ಟುಕೊಳ್ಳುತ್ತಿತ್ತು. ಒಂದೆರಡು ತಾಸಿನ ಏರಿಕೆ ಆ ಸರಾಸರಿಯಲ್ಲಿ ಕರಗಿಹೋಗುತ್ತಿತ್ತು. ಈ ಹಂತದಲ್ಲಿ ನನ್ನನ್ನು ಕರೆದರು.

ಯಾರ ಮೇಲೆ ಅನುಮಾನ

ತಂಡದ ಮೊದಲ ಅನುಮಾನ ಲಾಗ್ ಫೈಲುಗಳ ಮೇಲೆ. ಅದು ಬೇಗ ಸುಳ್ಳಾಯಿತು. ಲಾಗ್‌ಗಳ ಒಟ್ಟು ಗಾತ್ರವೇ ಅಷ್ಟಿರಲಿಲ್ಲ. ಎರಡನೆಯದು ರೆಪ್ಲಿಕೇಷನ್ ಸ್ಲಾಟ್, ಅಂದರೆ ಡೇಟಾಬೇಸಿನ ನಕಲು ಇಡುವ ಇನ್ನೊಂದು ಕಡೆ ಲಾಗನ್ನು ಎಲ್ಲಿಯವರೆಗೆ ಪಡೆದಿದೆ ಎಂಬ ಗುರುತು. ಕೈಬಿಟ್ಟುಹೋದ ಸ್ಲಾಟ್ ಒಂದಿದ್ದರೆ ಪೋಸ್ಟ್‌ಗ್ರೆಸ್ ಹಳೆಯ ಲಾಗ್ ತುಣುಕುಗಳನ್ನು ಬಿಡದೆ ಕೂಡಿಹಾಕುತ್ತದೆ. ಆದರೆ ಹಾಗೆ ಕೂಡಿದ್ದು ಬೆಳಗಾಗುವಷ್ಟರಲ್ಲಿ ತಾನಾಗಿ ಕರಗುವುದಿಲ್ಲ, ಮೇಲಾಗಿ ಇಲ್ಲಿ ಸ್ಲಾಟ್‌ಗಳೇ ಇರಲಿಲ್ಲ.

ಮೂರನೆಯ ಅನುಮಾನಕ್ಕೆ ನಿಜವಾಗಿ ತೂಕವಿತ್ತು. ದೊಡ್ಡ ಸಾರ್ಟ್ (ಸಾಲುಗಳ ವಿಂಗಡಣೆ) ಅಥವಾ ಜಾಯಿನ್ (ಕೋಷ್ಟಕಗಳ ಜೋಡಣೆ) ಮೆಮೊರಿಯಲ್ಲಿ ಹಿಡಿಸದಿದ್ದರೆ ಪೋಸ್ಟ್‌ಗ್ರೆಸ್ ತಾತ್ಕಾಲಿಕ ಫೈಲುಗಳನ್ನು ಬರೆಯುತ್ತದೆ, ಕ್ವೆರಿ (ಡೇಟಾಬೇಸಿಗೆ ಕೇಳಿದ ಪ್ರಶ್ನೆ) ಮುಗಿದೊಡನೆ ಅಳಿಸುತ್ತದೆ. ರಾತ್ರಿ ಬಂದು ಬೆಳಗ್ಗೆ ಮಾಯವಾಗುವ ನಡವಳಿಕೆಗೆ ಇದು ಚೆನ್ನಾಗಿಯೇ ಹೊಂದುತ್ತಿತ್ತು. ತಂಡ ತಾತ್ಕಾಲಿಕ ಫೈಲುಗಳಿಗೆ ಮಿತಿ ಹಾಕಿತು, ಪ್ರತಿಯೊಂದರ ಗಾತ್ರ ಲಾಗ್‌ನಲ್ಲಿ ಬೀಳುವಂತೆಯೂ ಮಾಡಿತು. ಮುಂದಿನ ಸಲ ಡಿಸ್ಕ್ ತುಂಬಿದಾಗ ಲಾಗ್‌ನಲ್ಲಿ ಬಿದ್ದಿದ್ದ ತಾತ್ಕಾಲಿಕ ಫೈಲುಗಳೆಲ್ಲ ಸೇರಿ ಕೆಲವು ನೂರು ಎಂಬಿಯಷ್ಟೇ ಆಗಿದ್ದವು. ಅನುಮಾನ ಸರಿಯಾಗಿತ್ತು, ಆಸಾಮಿ ಮಾತ್ರ ಬೇರೆಯಾಗಿದ್ದ.

ಈ ನಡುವೆ ಇನ್ನೊಂದು ಸುಳಿವು ತಂಡವನ್ನು ದಾರಿ ತಪ್ಪಿಸಿತ್ತು. ಒಂದು ರಾತ್ರಿ ಎಚ್ಚರವಿದ್ದವರೊಬ್ಬರು ತೊಂದರೆ ನಡೆಯುತ್ತಿರುವಾಗಲೇ ಯಂತ್ರದೊಳಗೆ ಹೋಗಿ ನೋಡಿದ್ದರು. ಡಿಎಫ್ ಪ್ರಕಾರ ಡಿಸ್ಕ್ ಭರ್ತಿ. ಡಿಯು ಕಮಾಂಡಿನಿಂದ ಡೈರೆಕ್ಟರಿಗಳ ಗಾತ್ರವನ್ನು ಕೂಡಿಸಿದರೆ ಎಷ್ಟೋ ಜಿಬಿ ಕಡಿಮೆ. ಈ ವ್ಯತ್ಯಾಸ ಕಂಡ ಯಾರಿಗೇ ಆದರೂ ಹೊಳೆಯುವುದು ಒಂದೇ: ಅಳಿಸಿದ್ದರೂ ಯಾವುದೋ ಪ್ರಕ್ರಿಯೆ ತೆರೆದಿಟ್ಟುಕೊಂಡಿರುವ ಫೈಲು. ತೆರೆದಿರುವ ಫೈಲುಗಳ ಪಟ್ಟಿ ಕೊಡುವ ಎಲ್‌ಎಸ್‌ಒಎಫ್ ಹಾಕಿ ಹುಡುಕಿದರೆ ಅಂಥದ್ದೇನೂ ಸಿಗಲಿಲ್ಲ. ನಿಜ ಸಂಗತಿ ಬೇರೆ ಇತ್ತು. ಅವರು ಡಿಯು ಓಡಿಸಿದ್ದು ಸಾಮಾನ್ಯ ಬಳಕೆದಾರರ ಖಾತೆಯಿಂದ; ದೋಷದ ಸಾಲುಗಳು ಪರದೆ ತುಂಬದಿರಲಿ ಎಂದು ಅವನ್ನು ಡೆವ್ ನಲ್‌ಗೆ, ಅಂದರೆ ಬರೆದದ್ದೆಲ್ಲ ಮಾಯವಾಗುವ ಕಡೆಗೆ, ಕಳಿಸಿದ್ದರು. ಸ್ವಾಪ್ ಫೈಲುಗಳಿರುವ ಡೈರೆಕ್ಟರಿ ರೂಟ್‌ಗೆ (ಎಲ್ಲ ಅಧಿಕಾರವಿರುವ ನಿರ್ವಾಹಕ ಖಾತೆ) ಮಾತ್ರ ತೆರೆದುಕೊಳ್ಳುತ್ತದೆ, ಏಕೆಂದರೆ ಆ ಫೈಲುಗಳಲ್ಲಿ ಇತರರ ಮೆಮೊರಿಯ ತುಣುಕುಗಳು, ಅಂದರೆ ಪಾಸ್‌ವರ್ಡ್‌ಗಳೂ ಇರಬಹುದು. ಅನುಮತಿ ಇಲ್ಲದ ಡೈರೆಕ್ಟರಿಯನ್ನು ಡಿಯು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, ಹಾಗೆಂದು ಅದು ಹೇಳಿದ ಸಾಲನ್ನೂ ಯಾರೂ ಓದಲಿಲ್ಲ. ದೋಷದ ಸಾಲುಗಳನ್ನು ಮುಚ್ಚಿಹಾಕುವ ಈ ಅಭ್ಯಾಸ ನನ್ನ ಕಣ್ಣಿಗೆ ಬಿದ್ದಷ್ಟು ಬೇರೆ ಯಾವುದೂ ಬಿದ್ದಿಲ್ಲ. ಒಂದೂವರೆ ತಿಂಗಳ ಹುಡುಕಾಟವನ್ನು ಆ ಒಂದು ಸಾಲು ಉಳಿಸುತ್ತಿತ್ತು.

ತಿರುವು

ಊಹೆ ಬಿಟ್ಟು ದಾಖಲೆ ಇಡೋಣ ಎಂದು ತೀರ್ಮಾನಿಸಿದೆವು. ನಿಮಿಷಕ್ಕೊಮ್ಮೆ ಡಿಎಫ್, ಡಿಯು, ಮೆಮೊರಿ ಹಾಗೂ ಸ್ವಾಪ್ ಬಳಕೆಯನ್ನು ರೂಟ್ ಖಾತೆಯಿಂದ ಬರೆದಿಡುವ ಒಂದು ಸಣ್ಣ ಸ್ಕ್ರಿಪ್ಟ್. ಇಲ್ಲಿ ಒಂದು ತೀರ್ಮಾನ ಮುಖ್ಯವಾಗಿತ್ತು: ದಾಖಲೆ ಅದೇ ಡಿಸ್ಕಿಗೆ ಹೋಗಬಾರದು. ಡಿಸ್ಕ್ ತುಂಬುವುದನ್ನು ಅದೇ ಡಿಸ್ಕಿನಲ್ಲಿ ಬರೆದಿಡಲು ಹೊರಟರೆ, ಯಾವ ಗಳಿಗೆಯ ಸಾಲು ನಮಗೆ ಬೇಕೋ ಆ ಗಳಿಗೆಯಲ್ಲೇ ಬರಹ ನಿಲ್ಲುತ್ತದೆ. ಸಾಲುಗಳನ್ನು ನೆಟ್‌ವರ್ಕ್ ಮೂಲಕ ಇನ್ನೊಂದು ಯಂತ್ರಕ್ಕೆ ಕಳಿಸಿದೆವು.

ಆದರೆ ಆ ದಾಖಲೆಗಾಗಿ ತಿಂಗಳ ಕೊನೆಯವರೆಗೆ ಕಾಯಬೇಕಾಗಲಿಲ್ಲ. ಹಳೆಯ ಕರ್ನಲ್ ಲಾಗ್ ತಿರುವಿಹಾಕುವಾಗ, ಡೇಟಾಬೇಸ್ ಬಿದ್ದ ರಾತ್ರಿಗಳಲ್ಲೆಲ್ಲ ಒಂದೇ ಬಗೆಯ ಸಾಲುಗಳು ಸಿಕ್ಕವು: ಇಂತಿಷ್ಟು ಕಿಲೋಬೈಟ್ ಸ್ವಾಪ್ ಸೇರಿಸಲಾಯಿತು, ಫೈಲು ಇದು, ಆದ್ಯತೆ ಇಷ್ಟು. ಫೈಲಿನ ಹಾದಿ ಸ್ವಾಪ್‌ಸ್ಪೇಸ್‌ನ ಡೈರೆಕ್ಟರಿ, ಫೈಲುಗಳಿಗೆ ಬರೀ ಅಂಕಿಗಳೇ ಹೆಸರು. ಆದ್ಯತೆ ಮೈನಸ್ 3, ಮೈನಸ್ 4, ಮೈನಸ್ 5 ಎಂದು ಇಳಿಯುತ್ತ ಹೋಗಿತ್ತು. ನಾವು ಆದ್ಯತೆ ಕೊಡದಿದ್ದರೆ ಕರ್ನಲ್ ಹೊಸದಾಗಿ ಬಂದ ಸ್ವಾಪ್‌ಗೆ ಹಿಂದಿನದಕ್ಕಿಂತ ಕೆಳಗಿನ ಸಂಖ್ಯೆ ಕೊಡುತ್ತದೆ. ಮೈನಸ್ 2 ಹಳೆಯ 2 ಜಿಬಿ ಫೈಲಿನದು. ಅಂದರೆ ಆ ರಾತ್ರಿ ಹಲವು ಸ್ವಾಪ್ ಫೈಲುಗಳು ಒಂದರ ಮೇಲೊಂದು ಹುಟ್ಟಿದ್ದವು. ಇಷ್ಟು ಸ್ಪಷ್ಟವಾದ ಸಾಲುಗಳು ಮೊದಲೇ ಏಕೆ ಕಣ್ಣಿಗೆ ಬೀಳಲಿಲ್ಲ ಎಂದರೆ, ಸ್ವಾಪ್ ಸೇರಿಸಿದ್ದನ್ನು ಕರ್ನಲ್ ಬರೆಯುತ್ತದೆ, ತೆಗೆದದ್ದನ್ನು ಬರೆಯುವುದಿಲ್ಲ. ಓದಿದವರು ಇವನ್ನು ಯಂತ್ರ ಚಾಲೂ ಆಗುವಾಗ ಸಹಜವಾಗಿ ಬರುವ ಸಾಲುಗಳೆಂದು ದಾಟಿ ಮುಂದೆ ಹೋಗಿದ್ದರು.

ಇಲ್ಲಿಂದ ಲೆಕ್ಕ ಸಲೀಸಾಯಿತು. ತಿಂಗಳ ಕೊನೆಯ ವರದಿ ಒಂದೇ 10 ಜಿಬಿ ಬೇಡುತ್ತದೆ, ಉಳಿದದ್ದು 4 ಜಿಬಿ. ಒಟ್ಟು 14 ಜಿಬಿ. ಯಂತ್ರದಲ್ಲಿ 8 ಜಿಬಿ ಮೆಮೊರಿ, 2 ಜಿಬಿ ಸ್ಥಿರ ಸ್ವಾಪ್ ಇರುವುದರಿಂದ ನಿಜವಾಗಿ ಕಡಿಮೆ ಬೀಳುವುದು 4 ಜಿಬಿ. ಆದರೆ ಸ್ವಾಪ್‌ಸ್ಪೇಸ್ ಕೊರತೆಯನ್ನು ಮಾತ್ರ ತುಂಬುವುದಿಲ್ಲ, ಪ್ರತಿ ಸಲವೂ ಒಟ್ಟಿನ ಶೇ. 30 ಬಿಡುವು ಉಳಿಯುವಂತೆ ನೋಡುತ್ತದೆ. 14 ಜಿಬಿ ಬಳಕೆ ಶೇ. 70 ಆಗಬೇಕಾದರೆ ಒಟ್ಟು 20 ಜಿಬಿ ಬೇಕು. ಅಂದರೆ ಡಿಸ್ಕ್‌ನಲ್ಲಿ 10 ಜಿಬಿ ಹೊಸ ಫೈಲುಗಳು. ಬೇಕಾದದ್ದು 4, ಹೋದದ್ದು 10. ಇದು ಪ್ರೋಗ್ರಾಮಿನ ದೋಷವಲ್ಲ. ಮುಂದೆ ಬೇಡಿಕೆ ಏರಬಹುದೆಂದು ಮುಂಚೆಯೇ ಸಿದ್ಧವಾಗಿರುವುದು ಅದರ ಕೆಲಸ, ಮತ್ತು ಅದು ಡಿಸ್ಕಿನಲ್ಲಿ ಇನ್ಯಾರು ವಾಸವಿದ್ದಾರೆ ಎಂದು ಕೇಳುವುದಿಲ್ಲ. ಸ್ವಾಪ್ ಫೈಲಿನಲ್ಲಿ ತೂತುಗಳಿರುವಂತಿಲ್ಲವಾದ್ದರಿಂದ ಪ್ರತಿ ಬ್ಲಾಕೂ ಡಿಸ್ಕಿನಲ್ಲಿ ನಿಜವಾಗಿಯೇ ಕಾದಿಡಬೇಕು, ಹಾಗಾಗಿ ಬಳಸದ ಬಿಡುವೂ ಡಿಸ್ಕಿನ ಲೆಕ್ಕಕ್ಕೆ ಪೂರ್ತಿಯಾಗಿ ಬೀಳುತ್ತದೆ.

ಹಿಂದಿನ ತಿಂಗಳುಗಳಲ್ಲಿ ಇದೇ ನಡೆಯುತ್ತಿದ್ದರೂ ತೊಂದರೆಯಾಗದಿದ್ದುದಕ್ಕೆ ಕಾರಣ ಡಿಸ್ಕಿನಲ್ಲಿ ಆಗ ಸಾಕಷ್ಟು ಖಾಲಿ ಜಾಗವಿತ್ತು. ಡೇಟಾಬೇಸ್ ನಿಧಾನಕ್ಕೆ ಬೆಳೆದು ಖಾಲಿ ಜಾಗ 9 ಜಿಬಿಗೆ ಇಳಿದ ತಿಂಗಳು ಖಾಲಿ ಜಾಗ ಮತ್ತು ಸ್ವಾಪ್‌ನ ಬೇಡಿಕೆ ಎಂಬ ಎರಡು ಗೆರೆಗಳೂ ಕೂಡಿಕೊಂಡವು.

ಇನ್ನೊಂದು ವಿವರ ಇದನ್ನು ಮತ್ತಷ್ಟು ಕೆಡಿಸುತ್ತಿತ್ತು. ಇಎಕ್ಸ್‌ಟಿ4 ತನ್ನ ಜಾಗದ ಶೇ. 5ನ್ನು ಸಾಮಾನ್ಯವಾಗಿ ರೂಟ್‌ಗೆ ಮೀಸಲಿಡುತ್ತದೆ. ಇಲ್ಲಿ ಅದು 3 ಜಿಬಿ. ಸಾಮಾನ್ಯ ಪ್ರೋಗ್ರಾಂಗಳು ಡಿಸ್ಕ್ ತುಂಬಿಸಿದರೂ ನಿರ್ವಾಹಕರು ಒಳಗೆ ಹೋಗಿ ಸರಿಪಡಿಸಲು ಸಾಧ್ಯವಾಗಲಿ ಎಂಬುದು ಅದರ ಉದ್ದೇಶಗಳಲ್ಲೊಂದು. ಪೋಸ್ಟ್‌ಗ್ರೆಸ್ ತನ್ನದೇ ಖಾತೆಯಲ್ಲಿ ಓಡುವುದರಿಂದ ಮೀಸಲು ಜಾಗ ಅದಕ್ಕೆ ಸಿಗುವುದಿಲ್ಲ. ಸ್ವಾಪ್‌ಸ್ಪೇಸ್ ಓಡುವುದು ರೂಟ್ ಆಗಿ. ಹಾಗಾಗಿ ಡೇಟಾಬೇಸ್ ಜಾಗವಿಲ್ಲವೆಂದು ಬಿದ್ದ ಮೇಲೂ ಸ್ವಾಪ್ ಫೈಲುಗಳು ಮೀಸಲು ಜಾಗದೊಳಕ್ಕೆ ಬೆಳೆಯಬಹುದಿತ್ತು.

ಸಾಕ್ಷ್ಯ ಹೇಗೆ ಅಳಿಯುತ್ತಿತ್ತು ಎಂಬುದೂ ಈಗ ತಿಳಿಯಿತು. ಡೇಟಾಬೇಸ್ ಬಿದ್ದೊಡನೆ ವರದಿಯ ಪ್ರೋಗ್ರಾಮಿನ ಸಂಪರ್ಕ ಕಡಿದು ಅದೂ ಮುಗಿಯುತ್ತಿತ್ತು, 10 ಜಿಬಿ ಒಮ್ಮೆಲೇ ಬಿಡುವಾಗುತ್ತಿತ್ತು, ಬಿಡುವು ಶೇ. 60 ದಾಟುತ್ತಿತ್ತು, ವಿರಾಮ ಮುಗಿದ ಮೇಲೆ ಸ್ವಾಪ್‌ಸ್ಪೇಸ್ ತನ್ನ ಫೈಲುಗಳನ್ನು ಅಚ್ಚುಕಟ್ಟಾಗಿ ಗುಡಿಸಿ ಹಾಕುತ್ತಿತ್ತು. ಆಮೇಲೆ ತಿಂಗಳ ಕೊನೆಯ ದಾಖಲೆ ಬಂದಾಗ ಈ ಇಡೀ ಸರಣಿ ಅದರಲ್ಲಿ ನಿಮಿಷ ನಿಮಿಷವಾಗಿ ಹಾಗೆಯೇ ಕಾಣಿಸಿತು.

ಮಾಡಿ ನೋಡಿದ ಪರಿಹಾರಗಳು

ಸ್ವಾಪ್‌ಸ್ಪೇಸನ್ನೇ ತೆಗೆದುಹಾಕೋಣ ಎಂಬ ಸಲಹೆ ಮೊದಲು ಬಂತು. ತೆಗೆದರೆ ಹಳೆಯ ಓಓಎಂ ಕಾಟ ಮರಳುತ್ತದೆ, ಮತ್ತು ಕೊಲ್ಲುವ ಆಯ್ಕೆ ಕರ್ನಲ್‌ನ ಕೈಗೆ ಹೋಗುತ್ತದೆ ಎಂದು ಆಗಲೇ ಅದನ್ನು ಬದಿಗಿಟ್ಟೆವು.

ನಂತರ ತಂಡ ಸೆಟ್ಟಿಂಗ್ ಫೈಲಿನಲ್ಲಿ ಮ್ಯಾಕ್ಸ್ ಸ್ವಾಪ್‌ಸೈಜ್ ಎಂಬ ಸಾಲನ್ನು 1 ಜಿಬಿಗೆ ಇಳಿಸಿತು. ಹೆಸರು ನೋಡಿದರೆ ಒಟ್ಟು ಸ್ವಾಪ್‌ಗೆ ಮಿತಿ ಹಾಕುವಂತೆ ತೋರುತ್ತದೆ. ನಿಜಕ್ಕೂ ಅದು ಒಂದೊಂದು ಫೈಲಿನ ಗರಿಷ್ಠ ಗಾತ್ರ. ಪರಿಣಾಮವಾಗಿ ಆ ರಾತ್ರಿ ದೊಡ್ಡ ಕೆಲವು ಫೈಲುಗಳ ಬದಲು 1 ಜಿಬಿಯ ಫೈಲುಗಳ ಸಾಲೇ ಹುಟ್ಟಿ ಡಿಸ್ಕ್ ಎಂದಿನಂತೆ ತುಂಬಿತು. ಫೈಲುಗಳ ಸಂಖ್ಯೆಗೆ ಕರ್ನಲ್‌ನಲ್ಲೇ ಒಂದು ಮೇಲ್ಮಿತಿ ಇದೆ, ಅದು 32ಕ್ಕಿಂತ ತುಸು ಕಡಿಮೆ. ಫೈಲಿನ ಗಾತ್ರವನ್ನು ಇನ್ನಷ್ಟು ಇಳಿಸಿ ಆ ಮಿತಿಯನ್ನೇ ತಡೆಗೋಡೆಯಾಗಿ ಬಳಸೋಣ ಎಂದು ಒಬ್ಬರು ಅಂದರು. ಕೆಲಸ ಮಾಡಬಹುದಾದ ಉಪಾಯವೇ, ಆದರೆ ಮುಂದೆ ಬಂದು ಓದುವವರಿಗೆ ಅದರ ಉದ್ದೇಶ ಅರ್ಥವಾಗುವ ಸಾಧ್ಯತೆ ಇಲ್ಲ ಎಂದು ಕೈಬಿಟ್ಟೆವು.

ಅದೇ ರಾತ್ರಿ ಡಿಸ್ಕ್ ತುಂಬುತ್ತಿರುವುದನ್ನು ಕಂಡವರು ಆತುರದಲ್ಲಿ ಒಂದು ಫೈಲಿನ ಮೇಲೆ ಸ್ವಾಪ್‌ಆಫ್ ಓಡಿಸಿದರು. ಸ್ವಾಪ್‌ಆಫ್ ಎಂದರೆ ಅಳಿಸುವುದಲ್ಲ. ಆ ಫೈಲಿನಲ್ಲಿರುವ ಪ್ರತಿ ಪುಟವನ್ನೂ (ಮೆಮೊರಿಯ ಸಣ್ಣ ತುಂಡು) ಮೆಮೊರಿಗೆ ಮರಳಿ ತಂದು, ಅಲ್ಲಿ ಜಾಗವಿಲ್ಲದಿದ್ದರೆ ಬೇರೆ ಸ್ವಾಪ್‌ಗೆ ಇನ್ನೊಂದನ್ನು ತಳ್ಳಿ, ಎಲ್ಲ ಮುಗಿದ ಮೇಲೆ ಬಿಡುವುದು. ಮೆಮೊರಿ ತುಂಬಿ ತುಳುಕುವಾಗ ಇದನ್ನು ಮಾಡಿದರೆ ಯಂತ್ರ ಓದುವುದು ಬರೆಯುವುದರಲ್ಲೇ ಮುಳುಗುತ್ತದೆ. ಮೆಮೊರಿಯ ಓಡಾಟ ತೋರಿಸುವ ವಿಎಂಸ್ಟ್ಯಾಟ್‌ನಲ್ಲಿ ಸ್ವಾಪ್ ಒಳಬರುವ ಮತ್ತು ಹೊರಹೋಗುವ ಎರಡೂ ಕಂಬಗಳು ಏರಿದವು, ಕೀಲಿ ಒತ್ತಿದರೆ ಅಕ್ಷರ ಮೂಡಲು ಕಾಯಬೇಕಾಯಿತು, ಕೊನೆಗೆ ಮೆಮೊರಿ ಸಿಗಲಿಲ್ಲ ಎಂದು ಕಮಾಂಡ್ ಸೋತು ಹಿಂದೆ ಬಂತು. ಕರ್ನಲ್ ಬೇಕೆಂದೇ ಸ್ವಾಪ್‌ಆಫ್ ಮಾಡುವ ಪ್ರಕ್ರಿಯೆಯನ್ನು ಓಓಎಂ ಕಿಲ್ಲರ್‌ನ ಮೊದಲ ಗುರಿಯಾಗಿ ಗುರುತಿಸಿಡುತ್ತದೆ. ಇಲ್ಲವಾಗಿದ್ದರೆ ಆ ರಾತ್ರಿ ಬೇರೆ ಯಾವುದೋ ಪ್ರಕ್ರಿಯೆ ಬಲಿಯಾಗುತ್ತಿತ್ತು. ಒತ್ತಡ ಇರುವಾಗ ಸ್ವಾಪ್ ಕಿತ್ತುಕೊಳ್ಳಬಾರದು ಎಂಬುದನ್ನು ತಂಡ ಅಂದೇ ತನ್ನ ನಿಯಮಗಳಲ್ಲಿ ಬರೆದುಕೊಂಡಿತು.

ಇಷ್ಟಾದ ಮೇಲೆ ಪ್ರಶ್ನೆಯನ್ನೇ ತಿರುಗಿಸಿ ಕೇಳಿಕೊಂಡೆವು. ಸ್ವಾಪ್ ಎಷ್ಟು ಬೆಳೆಯಬೇಕು ಎಂಬುದಲ್ಲ, ಸಾಲದೆ ಬಂದಾಗ ಮೊದಲು ಯಾರು ಬೀಳಬೇಕು? ಡೇಟಾಬೇಸ್ ಬಿದ್ದರೆ ಎಲ್ಲರ ಕೆಲಸ ನಿಲ್ಲುತ್ತದೆ. ವರದಿ ತಪ್ಪಿದರೆ ಬೆಳಗ್ಗೆ ಮತ್ತೆ ಓಡಿಸಬಹುದು. ಇಷ್ಟು ಸರಳವಾದ ಉತ್ತರ ಅಲ್ಲಿಯವರೆಗೆ ಯಾವ ಸೆಟ್ಟಿಂಗ್‌ನಲ್ಲೂ ಇರಲಿಲ್ಲ. ಮೆಮೊರಿಯ ಕೊರತೆಯನ್ನು ಸ್ವಾಪ್‌ಸ್ಪೇಸ್ ಡಿಸ್ಕಿನ ಕೊರತೆಯಾಗಿ ಮಾರ್ಪಡಿಸುತ್ತಿತ್ತು, ಮತ್ತು ಡಿಸ್ಕಿನ ಕೊರತೆಗೆ ಮೊದಲು ಬೀಳುವುದು ಬೀಳಬಾರದ ಡೇಟಾಬೇಸೇ ಆಗಿತ್ತು.

ಸ್ವಾಪ್‌ಸ್ಪೇಸ್‌ಗೆ ಒಟ್ಟು ಮಿತಿ ಹಾಕುವ ಅತ್ಯಂತ ಗಟ್ಟಿಯಾದ ದಾರಿ, ಅದಕ್ಕೆ ಪ್ರತ್ಯೇಕ ಫೈಲ್ ಸಿಸ್ಟಂ ಕೊಡುವುದು. ಆ ಫೈಲ್ ಸಿಸ್ಟಂನ ಗಾತ್ರವೇ ಮಿತಿ; ಅದನ್ನು ಯಾವ ರೂಟ್ ಪ್ರಕ್ರಿಯೆಯೂ ದಾಟಲಾರದು. ಯಂತ್ರಕ್ಕೆ ಜೋಡಿಸಿದ್ದ ಎರಡನೆಯ ಡಿಸ್ಕ್ ಒಂದಿತ್ತು, ಅದರಲ್ಲಿದ್ದದ್ದು ಕಂಪ್ರೆಷನ್ ಚಾಲೂ ಇದ್ದ ಬಿಟಿಆರ್‌ಎಫ್‌ಎಸ್ ಎಂಬ ಇನ್ನೊಂದು ಬಗೆಯ ಫೈಲ್ ಸಿಸ್ಟಂ. ಬಿಟಿಆರ್‌ಎಫ್‌ಎಸ್‌ನಲ್ಲಿ ಸ್ವಾಪ್ ಫೈಲಿಗೆ ಬೆಂಬಲ ಬಂದದ್ದೇ ಕರ್ನಲ್ 5.0ರಿಂದ, ಆಮೇಲೂ ಫೈಲು ಕಂಪ್ರೆಸ್ ಆಗಿರಬಾರದು, ಬರೆದಾಗಲೆಲ್ಲ ಹೊಸ ಜಾಗಕ್ಕೆ ನಕಲಾಗುವ ಗುಣವನ್ನು ಫೈಲು ಖಾಲಿ ಇರುವಾಗಲೇ ತೆಗೆದಿರಬೇಕು, ಸ್ವಾಪ್ ಚಾಲೂ ಇರುವಷ್ಟು ಹೊತ್ತು ಆ ಸಬ್‌ವಾಲ್ಯೂಮಿನ (ಫೈಲ್ ಸಿಸ್ಟಂನ ಉಪಭಾಗ) ಸ್ನ್ಯಾಪ್‌ಶಾಟ್ (ಆ ಗಳಿಗೆಯ ಪ್ರತಿ) ತೆಗೆಯಲಾಗದು. ಇಷ್ಟು ಷರತ್ತುಗಳ ನಡುವೆ ತಾನಾಗಿ ಫೈಲು ಮಾಡುವ ಪ್ರೋಗ್ರಾಮನ್ನು ಬಿಡುವುದು ಬೇಡವೆಂದು, ಅದರಲ್ಲಿ 6 ಜಿಬಿಯನ್ನು ಬೇರ್ಪಡಿಸಿ ಇಎಕ್ಸ್‌ಟಿ4 ಮಾಡಿದೆವು. 4 ಜಿಬಿ ಕೊರತೆಗೆ 2 ಜಿಬಿ ಅಂಚು ಸೇರಿಸಿದ ಗಾತ್ರವದು. ಶೇ. 20ರ ಗೆರೆಯಿಂದ ಕೆಳಗಿಳಿದಾಗ ಸ್ವಾಪ್‌ಸ್ಪೇಸ್ ಇನ್ನೂ ಬೇಕೆಂದು ಕೈಚಾಚುತ್ತದೆ, ಸಿಗದೆ ವಿರಾಮಕ್ಕೆ ಹೋಗುತ್ತದೆ; ನಮಗೆ ಬೇಕಾದದ್ದೂ ಅದೇ.

ಬದಲಾವಣೆಯ ಮೊದಲ ಪ್ರಯತ್ನ ಅನಿರೀಕ್ಷಿತ ಕಡೆಯಿಂದ ಎಡವಿತು. ಹೊಸ ಡೈರೆಕ್ಟರಿಗೆ ರೂಟ್‌ಗೆ ಮಾತ್ರ ಪ್ರವೇಶವಿರುವಂತೆ 700 ಅನುಮತಿ ಕೊಟ್ಟು, ಆಮೇಲೆ ಅದರ ಮೇಲೆ ಫೈಲ್ ಸಿಸ್ಟಂ ಮೌಂಟ್ ಮಾಡಲಾಗಿತ್ತು, ಅಂದರೆ ಆ ಡೈರೆಕ್ಟರಿಯ ಹಾದಿಗೆ ಜೋಡಿಸಲಾಗಿತ್ತು. ಮೌಂಟ್ ಆದ ಮೇಲೆ ಕಾಣುವುದು ಕೆಳಗಿನ ಡೈರೆಕ್ಟರಿಯ ಅನುಮತಿಯಲ್ಲ, ಹೊಸ ಫೈಲ್ ಸಿಸ್ಟಂನ ಬೇರಿನ ಅನುಮತಿ. ಅದು ಹುಟ್ಟುವಾಗಲೇ 755. ಎಲ್ಲರೂ ಓದಬಹುದಾದ ಜಾಗದಲ್ಲಿ ಕೆಲಸ ಮಾಡಲು ಸ್ವಾಪ್‌ಸ್ಪೇಸ್ ಒಪ್ಪಲಿಲ್ಲ. ಮೌಂಟ್ ಆದ ನಂತರ ಅನುಮತಿ ಬದಲಿಸಿದಾಗ ಸರಿಹೋಯಿತು.

ಇದರ ಬೆನ್ನಿಗೇ ಇನ್ನೊಂದು ಆತಂಕ ಹೊಳೆಯಿತು. ಯಾವುದೋ ದಿನ ಯಂತ್ರ ಮರುಚಾಲನೆಯಾದಾಗ ಆ ಫೈಲ್ ಸಿಸ್ಟಂ ಮೌಂಟ್ ಆಗದೆ ಹೋದರೆ? ಕೆಳಗಿನ ಡೈರೆಕ್ಟರಿ ಅಲ್ಲೇ ಇರುತ್ತದೆ, ಅದರ ಅನುಮತಿಯೂ 700 ಇದೆ, ಸ್ವಾಪ್‌ಸ್ಪೇಸ್ ಯಾವ ಆಕ್ಷೇಪವೂ ಇಲ್ಲದೆ ಮೂಲ ಡಿಸ್ಕಿನಲ್ಲೇ ಫೈಲು ಮಾಡತೊಡಗುತ್ತದೆ. ನಾವು ಕಟ್ಟಿದ ಗೋಡೆ ಸದ್ದಿಲ್ಲದೆ ಇಲ್ಲವಾಗಿರುತ್ತದೆ. ಆದ್ದರಿಂದ ಯಂತ್ರದ ಸೇವೆಗಳನ್ನು ಶುರುಮಾಡಿ ನೋಡಿಕೊಳ್ಳುವ ಸಿಸ್ಟಂಡಿಯಲ್ಲಿ, ಆ ಹಾದಿ ಮೌಂಟ್ ಆಗಿದ್ದರೆ ಮಾತ್ರ ಸ್ವಾಪ್‌ಸ್ಪೇಸ್ ಶುರುವಾಗಬೇಕು ಎಂಬ ರಿಕ್ವೈರ್ಸ್ ಮೌಂಟ್ಸ್ ಫಾರ್ ಸಾಲನ್ನು ಸೇರಿಸಿದೆವು. ಸೇರಿಸಿದ ಮೇಲೆ ಬೇಕೆಂದೇ ಮೌಂಟ್ ಕೆಡಿಸಿ ಯಂತ್ರವನ್ನು ಮರುಚಾಲನೆ ಮಾಡಿ, ಸ್ವಾಪ್‌ಸ್ಪೇಸ್ ಏಳದಿರುವುದನ್ನು ಖಚಿತಪಡಿಸಿಕೊಂಡೆವು. ಈ ಪರೀಕ್ಷೆಗೆ ತಗಲುವ ಹೊತ್ತನ್ನು ಉಳಿಸಲು ಹೋಗುವವರನ್ನು ನಾನು ಎಂದೂ ಒಪ್ಪಿಲ್ಲ.

ಮೊದಲು ಯಾರು ಬೀಳಬೇಕು ಎಂಬ ಪ್ರಶ್ನೆಯ ಉಳಿದರ್ಧ ವರದಿಯ ಪ್ರೋಗ್ರಾಮಿನದು. ಅದನ್ನು ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನಿಂದ ತೆಗೆದು ಸಿಸ್ಟಂಡಿಯ ಸೇವೆಯಾಗಿ ಮಾಡಿದೆವು. ಆಗ ಅದಕ್ಕೆ ತನ್ನದೇ ಸಿಗ್ರೂಪ್ (ಕರ್ನಲ್ ಒಟ್ಟಾಗಿ ಅಳೆಯುವ ಪ್ರಕ್ರಿಯೆಗಳ ಗುಂಪು) ಸಿಗುತ್ತದೆ, ಮಿತಿಗಳನ್ನು ಅದಕ್ಕಷ್ಟೇ ಹಾಕಬಹುದು. ಮೆಮೊರಿ 3 ಜಿಬಿ, ಸ್ವಾಪ್ 7 ಜಿಬಿ. ಎರಡೂ ಮುಗಿದರೆ ಓಓಎಂ ಕಿಲ್ಲರ್ ಆ ಗುಂಪಿನೊಳಗೆ ಮಾತ್ರ ಆಯ್ಕೆ ಮಾಡುತ್ತದೆ, ಡೇಟಾಬೇಸಿನ ಕಡೆ ಕಣ್ಣೆತ್ತಿ ನೋಡುವುದಿಲ್ಲ.

ಏನಾಯಿತು

ಮುಂದಿನ ತಿಂಗಳ ಕೊನೆ ಡೇಟಾಬೇಸ್ ಬೀಳಲಿಲ್ಲ. ಮೂಲ ಡಿಸ್ಕಿನ ಖಾಲಿ ಜಾಗದ ಗೆರೆ ರಾತ್ರಿಯಿಡೀ ಸಪಾಟಾಗಿತ್ತು. ಆದರೆ ವರದಿ ಮುಗಿಯಲು ಹಿಂದೆಂದಿಗಿಂತ ಬಹಳ ಹೆಚ್ಚು ಹೊತ್ತು ಹಿಡಿಯಿತು, ಬೆಳಗ್ಗೆ ವರದಿಗಾಗಿ ಕಾಯುವವರು ಗೊಣಗಿದರು. ಅವರ ಗೊಣಗಾಟ ನ್ಯಾಯವಾದದ್ದೇ. 10 ಜಿಬಿ ದತ್ತಾಂಶದ ಮೇಲೆ 3 ಜಿಬಿ ಮೆಮೊರಿಯಲ್ಲಿ ಓಡಾಡುವ ಪ್ರೋಗ್ರಾಂ ಹೆಚ್ಚಿನ ಹೊತ್ತನ್ನು ಪುಟಗಳಿಗಾಗಿ ಕಾಯುತ್ತ ಕಳೆಯುತ್ತದೆ. ಕರ್ನಲ್ 4.20ರಿಂದ ಬಂದಿರುವ ಒತ್ತಡದ ಅಂಕಿಗಳು ಇದನ್ನು ನೇರವಾಗಿ ತೋರಿಸುತ್ತವೆ: ಮೆಮೊರಿಗಾಗಿ ಕೆಲಸಗಳು ಎಷ್ಟು ಶೇಕಡ ಹೊತ್ತು ನಿಂತಿದ್ದವು ಎಂದು. ಸ್ವಾಪ್ ಎಷ್ಟು ತುಂಬಿದೆ ಎಂಬ ಅಂಕಿಗಿಂತ ನನಗೆ ಈ ಅಂಕಿಯ ಮೇಲೆ ನಂಬಿಕೆ ಹೆಚ್ಚು, ಏಕೆಂದರೆ ತಿಂಗಳುಗಟ್ಟಲೆ ಮುಟ್ಟದ ಪುಟಗಳಿಂದ ತುಂಬಿದ ಸ್ವಾಪ್ ಯಾರಿಗೂ ತೊಂದರೆ ಕೊಡುವುದಿಲ್ಲ.

ನಿಧಾನದ ಕಾರಣ ಈಗ ಬಟಾಬಯಲಾಗಿತ್ತಾದ್ದರಿಂದ ವರದಿಯ ಪ್ರೋಗ್ರಾಮನ್ನು ಬರೆದವರು ಅದರೊಳಗೆ ನೋಡಲು ಒಪ್ಪಿದರು. ಅಲ್ಲಿ ಸಿಕ್ಕಿದ್ದು ತೀರಾ ಸಾಮಾನ್ಯವಾದದ್ದು. ಪೋಸ್ಟ್‌ಗ್ರೆಸ್‌ನ ಸಂಪರ್ಕ ಲೈಬ್ರರಿ ಬೇರೆ ಹೇಳದಿದ್ದರೆ ಕ್ವೆರಿಯ ಇಡೀ ಫಲಿತಾಂಶವನ್ನು ಕೇಳಿದವರ ಮೆಮೊರಿಗೆ ತಂದು ಸುರಿದು ಆಮೇಲೆ ಮೊದಲ ಸಾಲನ್ನು ಕೈಗೆ ಕೊಡುತ್ತದೆ. ವರದಿ ಒಂದೊಂದೇ ಸಾಲು ಓದಿ ಮೊತ್ತ ಕೂಡಿಸುತ್ತಿದ್ದರೂ ತಿಂಗಳಿನ ಎಲ್ಲ ಸಾಲುಗಳೂ ಮೆಮೊರಿಯಲ್ಲಿ ಕೂತಿರುತ್ತಿದ್ದವು. ಕರ್ಸರ್ ಬಳಸಿ ಕಂತುಕಂತಾಗಿ ತರಿಸುವಂತೆ ಬದಲಿಸಿದ ಮೇಲೆ ಅದರ ಬೇಡಿಕೆ 10 ಜಿಬಿಯಿಂದ 1 ಜಿಬಿಗೂ ಕೆಳಗಿಳಿಯಿತು.

ಈ ಬದಲಾವಣೆಯನ್ನು ಮೊದಲೇ ಮಾಡಿದ್ದರೆ ಉಳಿದದ್ದೆಲ್ಲ ಬೇಡವಾಗುತ್ತಿತ್ತಲ್ಲ ಎಂದು ತಂಡದಲ್ಲಿ ಒಬ್ಬರು ಕೇಳಿದರು. ನನಗೆ ಹಾಗನ್ನಿಸುವುದಿಲ್ಲ. ಸ್ವಾಪ್‌ಸ್ಪೇಸ್ ಮಿತಿಯಿಲ್ಲದೆ ಇದ್ದಷ್ಟು ಕಾಲ ವರದಿಯ ಹಸಿವು ಯಾರಿಗೂ ಕಾಣುತ್ತಲೇ ಇರಲಿಲ್ಲ. ಮಿತಿ ಬಂದ ಮೇಲೆಯೇ ಅದು ನಿಧಾನದ ರೂಪದಲ್ಲಿ, ಅದರದೇ ಒಡೆಯರ ಮುಂದೆ ಬಂದು ನಿಂತಿತು. ಜೊತೆಗೆ ಮಿತಿಯಿಲ್ಲದ ವ್ಯವಸ್ಥೆ ಹಾಗೆಯೇ ಉಳಿದಿದ್ದರೆ ನಾಳೆ ಮೆಮೊರಿ ಸೋರುವ ಇನ್ನಾವುದೋ ಪ್ರೋಗ್ರಾಂ ಅದೇ ದಾರಿಯಲ್ಲಿ ಡೇಟಾಬೇಸನ್ನು ಕೆಡವುತ್ತಿತ್ತು.

ಈಗ ಸ್ವಾಪ್‌ಸ್ಪೇಸ್ ಬೇಕೇ ಎಂಬ ಚರ್ಚೆಯೂ ನಡೆಯಿತು. 2 ಜಿಬಿ ಸ್ಥಿರ ಸ್ವಾಪ್ ಸಾಕೆಂಬ ವಾದದಲ್ಲಿ ಹುರುಳಿದೆ. ಎಲ್ಲ ಕೆಲಸಗಳ ಅಳತೆ ಗೊತ್ತಿರುವ ಯಂತ್ರದಲ್ಲಿ ನಾನೂ ಅದನ್ನೇ ಆರಿಸುತ್ತೇನೆ. ಇಲ್ಲಿ ವೆಬ್ ಅಪ್ಲಿಕೇಷನ್‌ಗೆ ಹೊಸ ಕೆಲಸಗಳು ಆಗಾಗ ಸೇರುತ್ತಿದ್ದುದರಿಂದ ಅದನ್ನು ಪುಟ್ಟ ಫೈಲ್ ಸಿಸ್ಟಂನೊಳಗೇ ಉಳಿಸಿಕೊಂಡರು, ಆದರೆ ಒಂದು ಬದಲಾವಣೆಯೊಂದಿಗೆ: ಆ ಡೈರೆಕ್ಟರಿಯಲ್ಲಿ ಒಂದು ಫೈಲು ಹುಟ್ಟಿದರೂ ನಿರ್ವಾಹಕರಿಗೆ ಎಚ್ಚರಿಕೆ ಹೋಗುತ್ತದೆ. ಹುಟ್ಟಿದ ಹೊತ್ತು, ಗಾತ್ರ, ಆಗ ಹೆಚ್ಚು ಮೆಮೊರಿ ಹಿಡಿದಿದ್ದ ಪ್ರಕ್ರಿಯೆಗಳು ಹೊರಗಿನ ಯಂತ್ರದಲ್ಲಿ ದಾಖಲಾಗುತ್ತವೆ. ಸ್ವಾಪ್‌ಸ್ಪೇಸ್, ಅದರ ಮೌಂಟ್, 6 ಜಿಬಿಯ ಹಿಂದಿನ ಲೆಕ್ಕ, ಮೊದಲು ಯಾರು ಬೀಳಬೇಕೆಂಬ ತೀರ್ಮಾನ ಇವೆಲ್ಲವೂ ಯಂತ್ರದ ದಾಖಲೆಯಲ್ಲಿ ಈಗ ಒಂದು ಪುಟವಾಗಿ ಇವೆ.

ಎಚ್ಚರಿಕೆ ಮೊದಲ ಸಲ ಬಂದದ್ದು ಒಂದು ಹಗಲು ಹೊತ್ತು. ಹಳೆಯ ದಾಖಲೆಗಳನ್ನು ಒಮ್ಮೆಗೇ ಆಮದು ಮಾಡುವ ಹೊಸ ಸೌಲಭ್ಯವನ್ನು ಯಾರೋ ಪರೀಕ್ಷಿಸುತ್ತಿದ್ದರು. ದಾಖಲೆಯಲ್ಲಿ ಆ ಪ್ರಕ್ರಿಯೆಯ ಹೆಸರಿತ್ತು. ಅದನ್ನು ನಿಲ್ಲಿಸಿ, ವರದಿಗೆ ಮಾಡಿದಂತೆಯೇ ಅದಕ್ಕೂ ತನ್ನದೇ ಸಿಗ್ರೂಪ್ ಮತ್ತು ಮಿತಿ ಕೊಟ್ಟು, ಮಧ್ಯಾಹ್ನ ಮತ್ತೆ ಓಡಿಸಿದರು.